ನಿಮ್ಮ ನಾಲ್ಕು ಕೇಬಲ್‌ಗಳೂ ನಮ್ಮ ಒಂದು ಮಗುವೂ

ಹೊರದ್ವೀಪಗಳ ಚಿಕಿತ್ಸಾಲಯಗಳಿಗೆ ಉಪಕರಣ ಒದಗಿಸುವ ಮಾನ್ಯ ಮುಖ್ಯಾಧಿಕಾರಿಗಳೇ,

ನೀವು ಕಳುಹಿಸಿದ ಹೊಟ್ಟೆ ನೋಡುವ ಸ್ಕ್ಯಾನರ್ ನಮ್ಮ ದ್ವೀಪದಲ್ಲಿದೆ. ನೀವೇ ಕಳುಹಿಸಿದ ಹೊಸ ಲ್ಯಾಪ್‌ಟಾಪ್ ಕೂಡ ಇದೆ. ಒಂದನ್ನು ಇನ್ನೊಂದಕ್ಕೆ ಸಿಕ್ಕಿಸಲು ಆಗುವುದಿಲ್ಲ. ನನ್ನ ತಮ್ಮನ ಹೆಂಡತಿ ಲೋಸಾನಾಗೆ ದಿನ ತುಂಬಿದೆ. ಮಗು ಅಡ್ಡ ಮಲಗಿದೆಯೇನೋ ಎಂದು ನಮ್ಮ ನರ್ಸ್ ಎಮಾಲಿಗೆ ಅನುಮಾನ. ಅಡ್ಡವಿದ್ದರೆ ಆಕೆಯನ್ನು ದೋಣಿಯಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಲೇಬೇಕು. ನೆಟ್ಟಗಿದ್ದರೆ, ಈ ಗಾಳಿಯಲ್ಲಿ ತುಂಬು ಗರ್ಭಿಣಿಯನ್ನು ಹವಳದ ಬಂಡೆಸಾಲಿನಾಚೆಯ ಕಡಲಿಗೆ ಒಯ್ಯುವುದು ಕೊಲೆಗೆ ಸಮ. ಯಾವುದೆಂದು ಹೇಳಬಲ್ಲದ್ದು ಆ ಸ್ಕ್ಯಾನರ್ ಒಂದೇ. ಅದು ಕುರುಡಾಗಿ ಕೂತಿದೆ.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿಕೊಂಡ ಮಹನೀಯರು, "ನಾಲ್ಕು ಕೇಬಲ್ ಕೊಟ್ಟಿದ್ವಲ್ಲಮ್ಮ. ನೀವೇ ಊರಿಗೆಲ್ಲ ಹಂಚಿಬಿಟ್ರಂತೆ, ಅದಕ್ಕೆ ನಾವೇನ್ ಮಾಡೋಣ?" ಎಂದರು. ಹಿಂದೆ ಯಾರೋ ನಕ್ಕಿದ್ದೂ ಕೇಳಿಸಿತು.

ಹಂಚಿದ್ದು ನಿಜ, ಮುಚ್ಚಿಡುವುದೇನಿದೆ? ನಿಮ್ಮ ಪ್ರತಿನಿಧಿಗಳು ನಮ್ಮ ಸಭಾಮನೆಯ ಚಾಪೆಯ ಮೇಲೆ ಕುಳಿತು, ಅತಿಥಿಗಳಿಗೆಂದು ಬೇರು ಅರೆದು ಕಲಸಿದ ಯಂಗೋನದ ಪಾನೀಯವನ್ನು ಚಿಪ್ಪು ಬರಿದಾಗುವಂತೆ ಕುಡಿದು, ಪೆಟ್ಟಿಗೆಯ ಮೇಲೆ ಕೈಯಿಟ್ಟು "ಇದು ಊರಿನವರಿಗೆಲ್ಲ" ಎಂದರು. ಊರಿಗೆಲ್ಲ ಎಂದು ಕೊಟ್ಟದ್ದು ನಮ್ಮಲ್ಲಿ ಒಂದೇ ಮನೆ ಸೇರುವುದಿಲ್ಲ. ಆಮೆಯಿರಲಿ, ಬಟ್ಟೆಯಿರಲಿ, ಅಲ್ಲೇ ಕುಲಕುಲಕ್ಕೂ ಪಾಲು. ಊರ ಪರವಾಗಿ ಮಾತಾಡುವ ಹಿರಿಯರು ಸೆವನಾಯ ತಾತ. ಅವರು ಯಂತ್ರಗಳನ್ನು ಚಿಕಿತ್ಸಾಲಯಕ್ಕೆ ಕೊಟ್ಟು, ನಾಲ್ಕು ಕೇಬಲ್‌ಗಳನ್ನು ನಾಲ್ಕು ಕುಲಗಳಿಗೆ ಹಂಚಿದರು. ನಿಮ್ಮ ಪ್ರತಿನಿಧಿಗಳು ಚಪ್ಪಾಳೆ ತಟ್ಟಿ ಫೋಟೋ ತೆಗೆದುಕೊಂಡರು. ಅಂದು ಒಬ್ಬರಾದರೂ ಬೇಡವೆನ್ನಲಿಲ್ಲ. ಒಂದು ಕೇಬಲ್ ಬಾಳೆಗೊನೆ ಕಟ್ಟುವುದಕ್ಕೆ ಬಂತು, ಇನ್ನೊಂದನ್ನು ಒಬ್ಬ ಅಜ್ಜಿ ತನ್ನ ಮದುವೆಯ ಚಾಪೆಯೊಳಗೆ ಸುತ್ತಿಟ್ಟಳು.

ಕೊಟ್ಟ ಪಾಲನ್ನು ಮರಳಿ ಕೇಳುವುದೆಂದರೆ ನಮ್ಮಲ್ಲಿ ಮಾನ ಹೋದ ಹಾಗೆ. ಲೋಸಾನಾಗಾಗಿ ತಾತ ಅದನ್ನೂ ಮಾಡಿದರು. ಯಂಗೋನದ ಬೇರು ಹಿಡಿದು ಮನೆಮನೆಯ ಹೊಸ್ತಿಲಲ್ಲಿ ಕುಳಿತು, ಕ್ಷಮೆ ಬೇಡಿ, ನಾಲ್ಕನ್ನೂ ತಂದು ಎಮಾಲಿಯ ಮುಂದೆ ಇಟ್ಟರು.

ಎಮಾಲಿ ಮೊದಲನೆಯದನ್ನು ಎತ್ತಿದಳು. "ನೀಲಿ ತಲೆ, ಎರಡು ಕಡೆ ತಿರುಪು. ಇದು ಹಳೇ ಪರದೆಗೆ ತಾತ. ಈ ಅಗಲದ್ದು, ಮೂಲೆ ಸವರಿದ್ದು, ಇದೂ ಪರದೆಗೇ. ಈ ಚೌಕ ತಲೆಯದು ಪ್ರಿಂಟರ್‌ಗೆ."

"ನಮ್ಮಲ್ಲಿ ಪ್ರಿಂಟರ್ ಇದೆಯೇನಮ್ಮ?"

"ಇಲ್ಲ ತಾತ."

"ಇದು? ಒಳ್ಳೆ ಟಕ್ ಅನ್ನುತ್ತಲ್ಲ."

"ಅದು ಇಂಟರ್‌ನೆಟ್ ತಂತಿಗೆ. ನಮಗೆ ಬರೋದು ಗಾಳಿಯಲ್ಲಿ, ತಂತಿಯಲ್ಲಲ್ಲ."

"ಹಾಗಾದ್ರೆ ನಮ್ಮ ಹುಡುಗಿಗೆ ಅಂತ ಬಂದಿದ್ದು ಯಾವ್ದು?"

"ಅವಳಿಗೆ ಅಂತ ಯಾವ್ದೂ ಬಂದೇ ಇಲ್ಲ ತಾತ."

ಕೇಳಿಸಿತೇ ಮಾನ್ಯರೇ? ನಾವು ಹಂಚದೆ ಪೂಜೆ ಮಾಡಿಟ್ಟಿದ್ದರೂ ಇಷ್ಟೇ ಆಗುತ್ತಿತ್ತು. ಸ್ಕ್ಯಾನರಿನ ಬಾಲದ ತುದಿಯಲ್ಲಿರುವುದು ಅಗಲವಾದ ಚಪ್ಪಟೆ ಯುಎಸ್‌ಬಿ. ನಿಮ್ಮ ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿರುವುದು ಅಕ್ಕಿಕಾಳಿನಂಥ ಸಣ್ಣ ದುಂಡುಮೂಲೆಯ ಬಾಯಿಗಳು ಮಾತ್ರ. ಊರಿನ ಮೊಬೈಲ್ ಚಾರ್ಜರುಗಳ ತಂತಿಯನ್ನೆಲ್ಲ ತಂದು ನೋಡಿದೆವು. ಅವುಗಳ ಎರಡು ತುದಿಯೂ ತೂರಿಸುವ ತಲೆಗಳೇ, ಸ್ಕ್ಯಾನರಿನದೂ ತೂರಿಸುವ ತಲೆಯೇ. ನಡುವೆ ಬೇಕಾದದ್ದು ಹೆಬ್ಬೆರಳಿನಷ್ಟುದ್ದದ ಒಂದು ಜೋಡಣೆಯ ತುಂಡು, ರಾಜಧಾನಿ ಸುವಾದ ಯಾವ ಮೊಬೈಲ್ ಅಂಗಡಿಯಲ್ಲೂ ಸಿಗುವಂಥದ್ದು. ಇದನ್ನೇ ಫೋನಿನಲ್ಲಿ ವಿವರಿಸಿದರೆ ನಿಮ್ಮವರು, "ಯುಎಸ್‌ಬಿ ಅಂದ್ಮೇಲೆ ಎಲ್ಲ ಒಂದೇ, ಸ್ವಲ್ಪ ಒತ್ತಿ ನೋಡಿ" ಎಂದರು. ಪೆಟ್ಟಿಗೆ ಮುಚ್ಚುವ ಮೊದಲು ನಿಮ್ಮ ಇಡೀ ಕಚೇರಿಯಲ್ಲಿ ಒಬ್ಬರಾದರೂ ಅದನ್ನು ಇದಕ್ಕೆ ಸಿಕ್ಕಿಸಿ ನೋಡಿದಿರಾ? ಆ ಕೆಲಸಕ್ಕೂ ಸಮಿತಿ ಬೇಕೇ?

ನನಗೆ ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿದೆ. ತಾತ ಊಟ ಬಿಟ್ಟು ಕೂತಿದ್ದಾರೆ. ನಿನ್ನೆ ಲೋಸಾನಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅಕ್ಕ, ತಾತಂಗೆ ಹೇಳಿ, ಅವ್ರು ಹಂಚಿದ್ದಕ್ಕೆ ಹೀಗಾಗಿದ್ದಲ್ಲ ಅಂತ" ಎಂದಳು. ನಾನು ಹೇಳಿದರೆ ಅವರು ನಂಬುವುದಿಲ್ಲ. ನೀವೇ ಫೋನ್ ಮಾಡಿ ಹೇಳಬೇಕು.

ಶುಕ್ರವಾರ ಸುವಾದಿಂದ ನಮ್ಮ ಕಡೆಗೆ ಹಡಗು ಹೊರಡುತ್ತದೆ. ಆ ತುಂಡು ಅದರಲ್ಲಿರಬೇಕು. ಕಳಿಸುವ ಮೊದಲು ಅಂಥದೇ ಲ್ಯಾಪ್‌ಟಾಪಿಗೆ ನಿಮ್ಮ ಕೈಯಾರೆ ಸಿಕ್ಕಿಸಿ ನೋಡಬೇಕು. ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ; ನೀವು ಪತ್ರಿಕೆ ಓದುವವರಲ್ಲವೆಂದು ಕೇಳಿದ್ದೇನೆ, ಆದ್ದರಿಂದ ರೇಡಿಯೋದಲ್ಲೂ ಓದಿಸುತ್ತಿದ್ದೇನೆ. ಹಡಗು ಬರಿಗೈಯಲ್ಲಿ ಬಂದರೆ ಅದು ಆಸ್ಪತ್ರೆಯ ಕಡೆಗಲ್ಲ, ಮುಂದಿನ ದ್ವೀಪಗಳಿಗೆ ಹೋಗಿಬಿಡುತ್ತದೆ, ನಾವು ಗಾಳಿ ಹೇಗೇ ಇರಲಿ ಮರುದಿನ ಲೋಸಾನಾಳನ್ನು ದೋಣಿಗೆ ಹತ್ತಿಸುತ್ತೇವೆ. ಎಮಾಲಿ ಇರುತ್ತಾಳೆ, ನಾನಿರುತ್ತೇನೆ, ಇನ್ನೊಬ್ಬರಿಗೆ ಜಾಗವಿದೆ. ಎಲ್ಲ ಕೇಬಲ್ಲೂ ಒಂದೇ ಎನ್ನುವವರಿಗೆ ಎಲ್ಲ ಕಡಲೂ ಒಂದೇ ಇರಬೇಕು. ನೀವು ಬಂದು ಅವಳ ಪಕ್ಕದಲ್ಲಿ ಕೂರಿ.

ಇಂತಿ,
ಎಲ್ಲಿಗೂ ಹೊಂದದ ನಾಲ್ಕು ಕೇಬಲ್‌ಗಳನ್ನು ಮಡಿಲಲ್ಲಿಟ್ಟುಕೊಂಡು ಕಡಲು ನೋಡುತ್ತಿರುವ,
ಅಕನೀಸಿ, ದ್ವೀಪದ ಶಾಲೆಯ ಶಿಕ್ಷಕಿ