ಸ್ಟ್ರಾಸ್‌ಬರ್ಗಿನಲ್ಲಿ ಕೇಳಿದ ನಿನ್ನ ದನಿ

ಇಮ್ಜಾರ್ ಬಂದರು, ಗೋಜೋ ದ್ವೀಪ
ಏಪ್ರಿಲ್ ೨೧

ಅಮ್ಮಾ,

ಹೇಗಿದ್ದೀಯಾ ಎಂದು ಕೇಳಿ ಈ ಕಾಗದ ಶುರುಮಾಡುವುದಿಲ್ಲ. ಹೋದ ವಾರವಷ್ಟೇ ನಿನ್ನ ದನಿ ಕೇಳಿ ಬಂದಿದ್ದೇನೆ. ನಿನಗೆ ಸ್ವಲ್ಪ ಶೀತವಾಗಿತ್ತು. ಅದೊಂದು ಬಿಟ್ಟರೆ ಚೆನ್ನಾಗಿಯೇ ಇದ್ದೆ. 'ಎರಡು ವರ್ಷದಿಂದ ನನ್ನ ಫೋನ್ ಎತ್ತದವಳು ಈಗ ಕಾಗದ ಬರೆಯುತ್ತಿದ್ದಾಳಲ್ಲ' ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ಮಾತಿನಲ್ಲಿ ನಿನ್ನನ್ನು ಗೆಲ್ಲುವುದು ನನ್ನಿಂದಾಗದು. ಕಾಗದವಾದರೆ ಕೊನೆತನಕ ಓದಲೇಬೇಕು.

ವಿಶ್ವವಿದ್ಯಾಲಯದಿಂದ ನಮ್ಮನ್ನು ಅಧ್ಯಯನ ಪ್ರವಾಸಕ್ಕೆ ಕರೆದೊಯ್ದಿದ್ದರು. ಸ್ಟ್ರಾಸ್‌ಬರ್ಗಿನ ಸಂಸತ್ತು, ಲಕ್ಸೆಂಬರ್ಗಿನ ನ್ಯಾಯಾಲಯ, ಕೊನೆಗೆ ಬ್ರಸೆಲ್ಸ್. ರಾಜ್ಯಶಾಸ್ತ್ರದ ಒಂದು ಬಸ್ಸು ಹುಡುಗ ಹುಡುಗಿಯರು, ಮುಂದಿನ ಸೀಟಿನಲ್ಲಿ ನಮ್ಮ ಬೊನ್ನಿಚಿ ಮೇಷ್ಟ್ರು. ಹೊರಡುವ ಮುಂಚೆ ಅಪ್ಪನಿಗೆ ಹೇಳಿದಾಗ ಅವನು ಬಲೆಯಿಂದ ತಲೆ ಎತ್ತದೆ, "ಹೋಗಿ ಬಾ. ಅಲ್ಲಿ ಚಳಿ ಇರುತ್ತೆ, ದಪ್ಪ ಕೋಟು ತಗೊಂಡು ಹೋಗು" ಅಂದ. ನೀನು ಕೆಲಸ ಮಾಡುವುದು ಅಲ್ಲೇ ಎಂದು ಗೊತ್ತಿದ್ದೂ ನಿನ್ನ ಹೆಸರು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿನ್ನನ್ನು ನೋಡಬೇಕೆಂಬ ಆಸೆಯಿಂದ ನಾನು ಹೋಗಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಸ್ಟ್ರಾಸ್‌ಬರ್ಗಿನಲ್ಲಿ ಮೊದಲ ದಿನವೇ ನಮ್ಮನ್ನು ಮೇಲಿನ ಗ್ಯಾಲರಿಯಲ್ಲಿ ಕೂರಿಸಿದರು. ಕೆಳಗೆ ಅರ್ಧಚಂದ್ರದಂಥ ಸಭಾಂಗಣ, ಅದರ ಸುತ್ತ ಭಾಷಾಂತರಿಸುವವರು ಕೂರುವ ಕಪ್ಪು ಗಾಜಿನ ಗೂಡುಗಳ ಸಾಲು. ಪ್ರತಿ ಕುರ್ಚಿಗೂ ಒಂದು ಹೆಡ್‌ಫೋನ್. ಸಮುದ್ರದಲ್ಲಿ ಮುಳುಗುವವರನ್ನು ಎತ್ತಿ ತರುವ ದೋಣಿಗಳ ಬಗ್ಗೆ ಚರ್ಚೆ ನಡೆಯುತ್ತಿತ್ತು. ಯಾವುದೋ ದೇಶದ ಸದಸ್ಯನೊಬ್ಬ ಎದ್ದು ನಿಂತು ಮಾತಾಡುತ್ತಿದ್ದ. ನಾನು ಹೆಡ್‌ಫೋನ್ ಹಾಕಿಕೊಂಡು ನಮ್ಮ ಭಾಷೆಗೆ ತಿರುಗಿಸಿದೆ.

ನೀನು ಮಾತಾಡುತ್ತಿದ್ದೆ.

ಮಾತು ಏನೆಂದು ತಿಳಿಯುವ ಮೊದಲೇ ಅದು ನೀನೆಂದು ತಿಳಿಯಿತು. ನಾನು ಚಿಕ್ಕವಳಿದ್ದಾಗ ಜ್ವರ ಬಂದರೆ ಹಾಸಿಗೆಯ ಪಕ್ಕ ಕೂತು ಪತ್ರಿಕೆ ಓದುತ್ತಿದ್ದೆಯಲ್ಲ, ಅದೇ ದನಿ, ಏರದೆ ಇಳಿಯದೆ. ಆ ದನಿಯಲ್ಲಿ, ನಮ್ಮ ಅಚ್ಚ ಗೋಜೋ ಮಾತಿನಲ್ಲಿ, ನೀನು ಹೇಳುತ್ತಿದ್ದೆ: "ಈ ಮೀನುಗಾರರ ಕನಿಕರವನ್ನು ನಾನು ನಂಬುವುದಿಲ್ಲ. ಇವರು ಕಳ್ಳಸಾಗಣೆಯವರ ಪಾಲುದಾರರು. ಇವರ ದೋಣಿಗಳನ್ನು ಮುಟ್ಟುಗೋಲು ಹಾಕಬೇಕೆಂದು ನಾನು ಒತ್ತಾಯಿಸುತ್ತೇನೆ."

ನಾನು, ನಾನು, ನಾನು. ಅವನ ನಾನು ಅಂತ ನನಗೆ ಗೊತ್ತು. ಭಾಷಾಂತರಿಸುವವರು ಹಾಗೆಯೇ ಹೇಳಬೇಕೆಂದು ನೀನೇ ನನಗೆ ಕಲಿಸಿದ್ದೆ. ಆದರೂ ಹೆಡ್‌ಫೋನ್ ಕಿತ್ತು ಮಡಿಲಿಗೆ ಹಾಕಿದೆ. ಪಕ್ಕದಲ್ಲಿದ್ದ ಕ್ಲೇಟನ್ ಬೆಚ್ಚಿಬಿದ್ದ. ಅವನು ನನ್ನ ತರಗತಿಯ ಹುಡುಗ, ನಮ್ಮ ವಿಕ್ಟೋರಿಯಾ ಪೇಟೆಯ ಬೇಕರಿಯವರ ಮಗ, ಬಾಯಿಗೆ ಬೀಗವಿಲ್ಲ. "ಏನಾಯ್ತೇ, ಒಳಗೆ ಚೇಳಿತ್ತಾ?" ಅಂದ. ನಾನು ಎದ್ದು ಹೊರಗೆ ಹೋದೆ.

ಅಮ್ಮಾ, ನಿನಗೆ ಗೊತ್ತಿರುವುದನ್ನೇ ಈಗ ಬರೆಯುತ್ತೇನೆ, ಯಾಕೆಂದರೆ ಅವತ್ತು ಫೋನಿನಲ್ಲಿ ನೀನು ಅದನ್ನು ಅರ್ಧಕ್ಕೇ ನಿಲ್ಲಿಸಿದ್ದೆ. ಎರಡು ವರ್ಷದ ಹಿಂದೆ, ಲಾಂಪುಕಿ ಮೀನಿನ ಕಾಲ. ಅಪ್ಪ ದಕ್ಷಿಣಕ್ಕೆ ದೂರ ಹೋಗಿದ್ದ. ಗಾಳಿ ಇಳಿದ ರಬ್ಬರ್ ದೋಣಿಯೊಂದರಲ್ಲಿ ಜನ ಕೂಗುತ್ತಿದ್ದರು, ಅಪ್ಪ ಎತ್ತಿಕೊಂಡ. ಆಮೇಲೆ ಯಾವ ಬಂದರಿನವರೂ ಅವನನ್ನು ಒಳಗೆ ಬಿಡಲಿಲ್ಲ. ಇವರನ್ನು ಕೇಳಿದರೆ ಅವರು, ಅವರನ್ನು ಕೇಳಿದರೆ ಇನ್ಯಾರೋ. ನಾಲ್ಕು ದಿನ ನಮ್ಮ ದಡ ಕಾಣುವಷ್ಟು ದೂರದಲ್ಲಿ ಅಪ್ಪ ಆ ಪುಟ್ಟ ದೋಣಿಯಲ್ಲಿ ಅವರ ಜೊತೆ ತೇಲುತ್ತಿದ್ದ. ಅಜ್ಜಿ ಮಾಳಿಗೆಯ ಮೇಲೆ ನಿಂತು ಜಪಮಾಲೆ ಎಣಿಸುತ್ತಿದ್ದಳು. ಮೂರನೆಯ ದಿನ ದೋಣಿಯಲ್ಲಿದ್ದ ಒಬ್ಬ ಹೆಂಗಸು ತೀರಿಕೊಂಡಳು. ಅಪ್ಪ ತನ್ನ ಹಾಸಿಗೆಯ ಬಟ್ಟೆಯನ್ನೇ ಅವಳಿಗೆ ಸುತ್ತಿದ. ಮರಳಿ ಬಂದಮೇಲೆ ಬಂದರಿನ ಗೆಳೆಯರು, "ಏನಪ್ಪಾ ಸಲ್ವು, ಮೀನು ಬಿಟ್ಟು ಮನುಷ್ಯರನ್ನ ಹಿಡಿಯೋಕೆ ಶುರುಮಾಡಿದ್ದೀಯಂತೆ?" ಎಂದು ನಕ್ಕರು.

ಇದನ್ನೆಲ್ಲ ಹೇಳಲು ನಿನಗೆ ಫೋನ್ ಮಾಡಿದಾಗ ನೀನು ಅಂದಿದ್ದೆ: "ಲುಚಿಯಾ, ನನ್ನ ಕೆಲಸ ಅಂಥದ್ದು. ಇಂಥ ವಿಷಯದಲ್ಲಿ ನನಗೆ ಅಭಿಪ್ರಾಯ ಇರೋ ಹಾಗಿಲ್ಲ." ನಾನು ಕೇಳಿದ್ದು ನಿನ್ನ ಅಭಿಪ್ರಾಯವನ್ನಲ್ಲ. ನೀನು ಬರುತ್ತೀಯಾ ಎಂದು ಕೇಳಿದ್ದೆ.

ಮಾರನೆಯ ದಿನ ಅದೇ ಸಭಾಂಗಣದಲ್ಲಿ ವಿದ್ಯಾರ್ಥಿಗಳ ಅಧಿವೇಶನವಿತ್ತು. ಎಲ್ಲ ದೇಶಗಳಿಂದ ಬಂದ ನಮ್ಮಂಥವರು ಅದೇ ವಿಷಯವನ್ನು ಚರ್ಚಿಸಿ, ಠರಾವು ಬರೆದು, ಮತ ಹಾಕಬೇಕು. ನಮ್ಮ ತಂಡದ ಪರವಾಗಿ ಕ್ಲೇಟನ್ ಮಾತಾಡುವುದೆಂದು ಊರಲ್ಲೇ ತೀರ್ಮಾನವಾಗಿತ್ತು. ನಾನು ಮೊದಲ ದಿನದ ಸಂಜೆಯೇ ಮೇಷ್ಟ್ರ ಹತ್ತಿರ ಹೋಗಿ, ಅವನ ಬದಲು ನಾನು ಮಾತಾಡುತ್ತೇನೆ, ನಮ್ಮ ಭಾಷೆಯಲ್ಲೇ ಮಾತಾಡುತ್ತೇನೆ ಎಂದೆ. ಕ್ಲೇಟನ್ ಬದುಕಿದೆ ಎಂಬಂತೆ ಕೈಮುಗಿದ. ಮೇಷ್ಟ್ರಿಗೆ ಹಿಡಿಸಲಿಲ್ಲ.

"ಇಂಗ್ಲಿಷಲ್ಲೇ ಮಾತಾಡಮ್ಮ. ನಮಗೆಲ್ಲ ಬರುತ್ತೆ, ಅವರಿಗೂ ಅರ್ಥ ಆಗುತ್ತೆ. ಹಠ ಯಾಕೆ?"

"ಸರ್, ಅಪ್ಪನ ಕಥೆ ಇಂಗ್ಲಿಷಲ್ಲಿ ನಡೆದಿಲ್ಲ."

"ಅಲ್ಲ ಕಣೇ, ನಮ್ಮದು ಅಂಗೈಯಗಲದ ದ್ವೀಪ. ನಮ್ಮ ಭಾಷೇಲಿ ಮಾತಾಡಿದ್ರೆ ಕೇಳೋರು ಯಾರು?"

"ಕೇಳಿಸಬೇಕು ಅಂತಾನೇ ಆ ಗೂಡುಗಳನ್ನ ಕಟ್ಟಿರೋದಲ್ವಾ ಸರ್?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, "ನಿನ್ನ ಜೊತೆ ವಾದ ಮಾಡೋದೂ ಒಂದೇ, ಎದುರುಗಾಳೀಲಿ ಹುಟ್ಟು ಹಾಕೋದೂ ಒಂದೇ. ಮಾತಾಡು ಹೋಗು" ಅಂದರು.

ಅವರಿಗೆ ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅವರ ಹತ್ತಿರ ಹೋಗುವ ಮೊದಲೇ ನಾನು ನಮ್ಮನ್ನು ಸುತ್ತಾಡಿಸುತ್ತಿದ್ದ ಹುಡುಗಿಯನ್ನು ಹಿಡಿದುಕೊಂಡು ಎಲ್ಲ ವಿಚಾರಿಸಿದ್ದೆ. ನಮ್ಮಂಥ ಸಣ್ಣ ಭಾಷೆಯಲ್ಲಿ ಯಾರಾದರೂ ಮಾತಾಡಿದರೆ ನಮ್ಮ ಗೂಡಿನವರೇ ಅದನ್ನು ಇಂಗ್ಲಿಷಿಗೆ ತರುತ್ತಾರಂತೆ. ಉಳಿದ ಗೂಡಿನವರೆಲ್ಲ ಆ ಇಂಗ್ಲಿಷನ್ನು ಕೇಳಿ ತಮ್ಮ ತಮ್ಮ ಭಾಷೆಗೆ ತಿರುಗಿಸುತ್ತಾರಂತೆ. ನಾಳೆ ನಮ್ಮ ಗೂಡಿನಲ್ಲಿ ಯಾರಿರುತ್ತಾರೆ ಎಂದು ಕೇಳಿದೆ. ಅವಳು ಪಟ್ಟಿ ನೋಡಿ ನಿನ್ನ ಹೆಸರು ಹೇಳಿದಳು. ಪರಿಚಯವಾ ಎಂದು ಕೇಳಿದಳು. ಊರಿನವರು ಎಂದೆ.

ಅಪ್ಪನ ಮಾತನ್ನು ನಿನ್ನ ಬಾಯಿಂದಲೇ ಹೇಳಿಸಬೇಕಿತ್ತು ನನಗೆ. ಹಿಂದಿನ ದಿನ ಯಾರದೋ ಕೊಳಕು ಮಾತಿಗೆ ದನಿ ಕೊಟ್ಟಿದ್ದೆಯಲ್ಲ, ಇದಕ್ಕೂ ಕೊಡು ಎಂಬ ಹಠ. ಬೆಳಿಗ್ಗೆ ಎದ್ದಾಗ, ಇದು ಕ್ರೂರವಲ್ಲವೇ ಎಂದು ಒಂದು ಸಲ ಅನ್ನಿಸಿತು. ಆದರೂ ಹಿಂದೆ ಸರಿಯಲಿಲ್ಲ.

ನನ್ನ ಸರದಿ ಬಂದಾಗ ಮೈಕಿನ ಕೆಂಪು ದೀಪ ಹೊತ್ತಿತು. ನಮ್ಮ ಭಾಷೆಯ ಮೊದಲ ಮಾತು ಕೇಳಿದ್ದೇ ತಡ, ಸಭೆಯ ತುಂಬ ಹುಡುಗರು ಹೆಡ್‌ಫೋನಿಗೆ ಕೈಹಾಕಿದರು. ನಾನು ಅಪ್ಪನ ಹೆಸರು ಹೇಳಿದೆ, ದೋಣಿಯ ಹೆಸರು ಹೇಳಿದೆ. ಮುಳುಗುವವನನ್ನು ಎತ್ತುವುದು ಸಮುದ್ರದವರಿಗೆ ಧರ್ಮ, ಆಯ್ಕೆಯಲ್ಲ ಎಂದೆ. ಆ ಹೆಂಗಸಿನ ವಿಷಯ ಹೇಳಿದೆ. ಎತ್ತಿ ತಂದವರನ್ನು ಇಷ್ಟು ಹೊತ್ತಿನೊಳಗೆ ಯಾವುದಾದರೂ ಬಂದರು ಒಳಗೆ ಕರೆಯಲೇಬೇಕು ಎಂಬ ಒಂದು ಸಾಲನ್ನು ಠರಾವಿಗೆ ಸೇರಿಸಿ ಎಂದು ಕೇಳಿದೆ. ಆಮೇಲೆ, ನಾನು ಬರೆದುಕೊಂಡಿರದ ಒಂದು ಮಾತು ಬಾಯಿಗೆ ಬಂತು.

"ಆ ನಾಲ್ಕು ದಿನ ನನ್ನ ಅಮ್ಮ ಮನೆಯಲ್ಲಿರಲಿಲ್ಲ."

ಸಭೆಯಲ್ಲಿ ಒಬ್ಬೊಬ್ಬರೇ ಹೆಡ್‌ಫೋನ್ ತಟ್ಟಿ ನೋಡತೊಡಗಿದರು. ಕೆಲವರು ತಲೆ ಎತ್ತಿ ಗೂಡುಗಳ ಕಡೆ ನೋಡಿದರು. ನಿನ್ನ ಮಾತು ನಿಂತುಬಿಟ್ಟಿತ್ತು. ಅದು ನಿಂತದ್ದರಿಂದ ಎಲ್ಲ ಭಾಷೆಗಳೂ ನಿಂತಿದ್ದವು. ನಾನು ಕಾದೆ. ಅಧ್ಯಕ್ಷಪೀಠದಲ್ಲಿದ್ದ ಹುಡುಗ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತಲೆಗಳು ಮತ್ತೆ ಕೆಳಗಿಳಿದವು, ಎಲ್ಲರೂ ನನ್ನ ಕಡೆ ತಿರುಗಿದರು. ನೀನು ಆ ಮಾತನ್ನು ಹೇಳಿ ಮುಗಿಸಿದೆ ಎಂದು ಅವರ ಮುಖದಿಂದ ತಿಳಿಯಿತು.

ನಮ್ಮ ಸಾಲು ಬಿದ್ದುಹೋಯಿತು. ಬಹಳ ಮತಗಳಿಂದಲ್ಲ, ಆದರೂ ಸೋಲು ಸೋಲೇ. ಕ್ಲೇಟನ್ ಸಮಾಧಾನ ಮಾಡಲು, "ಗೆದ್ದಿದ್ರೂ ಏನಿತ್ತು ಬಿಡೇ, ಮಕ್ಕಳಾಟದ ಮತ. ಅಡುಗೆ ಆಟದಲ್ಲಿ ಹೊಟ್ಟೆ ತುಂಬುತ್ತಾ?" ಅಂದ. ನಾನು ನಿಮ್ಮ ಗೂಡಿನ ಕಡೆ ನೋಡಿದೆ. ಗಾಜು ಕಪ್ಪಗಿತ್ತು. ಒಳಗೆ ಯಾರೋ ಎದ್ದು ನಿಂತಂತೆ, ಅಂಗೈಯನ್ನು ಗಾಜಿಗೆ ಒತ್ತಿದಂತೆ ಕಂಡಿತು. ಮೇಷ್ಟ್ರು ಲಕ್ಸೆಂಬರ್ಗಿನ ಬಸ್ಸು ಹೊರಡುತ್ತಿದೆ ಎಂದು ಕೂಗುತ್ತಿದ್ದರು. ಹತ್ತು ನಿಮಿಷ ಕೇಳಿದ್ದರೆ ಕೊಡುತ್ತಿದ್ದರು. ನಾನು ಕೇಳಲಿಲ್ಲ. ನಿನ್ನ ಮುಂದೆ ನಿಂತರೆ ಅತ್ತುಬಿಡುತ್ತಿದ್ದೆ, ಅತ್ತರೆ ಅಲ್ಲಿಗೇ ಎಲ್ಲ ಮುಗಿದುಹೋಗುತ್ತಿತ್ತು.

ಮುಗಿಸುವ ಮನಸ್ಸು ನನಗಿಲ್ಲ. ಬ್ರಸೆಲ್ಸಿನಲ್ಲಿ ಅರ್ಜಿಗಳ ಸಮಿತಿಯ ಕಚೇರಿಯವರು ನಮಗೆ ಒಂದು ಗಂಟೆ ಪಾಠ ಮಾಡಿದರು. ಯಾವ ಪ್ರಜೆಯಾದರೂ ಸಂಸತ್ತಿಗೆ ಅರ್ಜಿ ಕೊಡಬಹುದಂತೆ, ತನ್ನ ಭಾಷೆಯಲ್ಲೇ ಕೊಡಬಹುದಂತೆ. ಉಳಿದವರೆಲ್ಲ ಊಟ ಯಾವಾಗ ಎಂದು ಗಡಿಯಾರ ನೋಡುತ್ತಿದ್ದರು. ನಾನು ಆ ಗುಮಾಸ್ತೆಯನ್ನು ಬಾಗಿಲ ತನಕ ಬಿಡದೆ ಪ್ರಶ್ನೆ ಕೇಳಿದೆ. ಪಾಪ, ಅವರ ಕಾಫಿ ಆರಿಹೋಯಿತು.

ಊರಿಗೆ ಬಂದವಳೇ ಅರ್ಜಿ ಬರೆದೆ. ಮಕ್ಕಳಾಟದಲ್ಲಿ ಬಿದ್ದ ಅದೇ ಸಾಲು, ಈ ಸಲ ದೊಡ್ಡವರ ಹೆಸರಿನಲ್ಲಿ. ಅಪ್ಪ ಮೊದಲು ಬೇಡವೆಂದ. "ಆಗಿದ್ದು ಆಗಿಹೋಯ್ತು ಮಗಳೇ, ಊರಿಗೆಲ್ಲ ಮತ್ತೆ ನಗೆಪಾಟಲು ಯಾಕೆ?" ಎಂದ. "ನಗಲಿ ಬಿಡಪ್ಪ, ನಕ್ಕವರ ಸಹಿಯನ್ನೇ ಮೊದಲು ಹಾಕಿಸ್ತೀನಿ" ಅಂದೆ. ನಿನ್ನೆ ಬಂದರಿಗೆ ಹೋಗಿ, ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಚಿಕ್ಕು ಮಾವನ ಮುಂದೆ ಕಾಗದ ಹಿಡಿದೆ. ಅವನು ಓದಿದ. ಇನ್ನೊಂದು ಸಲ ಓದಿದ. ಆಮೇಲೆ ತಲೆ ಎತ್ತದೆಯೇ, "ಹೋದ ಚಳಿಗಾಲ ನನಗೂ ಒಂದು ದೋಣಿ ಕಂಡಿತ್ತು. ನಿಮ್ಮಪ್ಪನಿಗಾದ ಗತಿ ನೆನಪಾಗಿ ದೋಣಿ ತಿರುಗಿಸ್ಕೊಂಡು ಬಂದೆ" ಅಂದ. ಪೆನ್ನು ಕಿತ್ತುಕೊಂಡು ಸಹಿ ಹಾಕಿದ. ಸಂಜೆಯೊಳಗೆ ಬಂದರಿನ ಮುಕ್ಕಾಲು ಜನ ಹಾಕಿದ್ದರು. ಅಪ್ಪನದೂ ಇದೆ, ಅಜ್ಜಿಯ ಸಹಿಯ ಕೆಳಗೆ.

ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಂಡರೆ ನಾನು ಬ್ರಸೆಲ್ಸಿಗೆ ಬರುತ್ತೇನೆ. ತೆಗೆದುಕೊಳ್ಳದಿದ್ದರೆ ಮತ್ತೆ ಬರೆಯುತ್ತೇನೆ. ಮುಂದಿನ ವರ್ಷದಿಂದ ಸಮುದ್ರ ಕಾನೂನು ಓದುವುದೆಂದು ತೀರ್ಮಾನಿಸಿದ್ದೇನೆ. ನಿನ್ನ ಹಾಗೆ ಭಾಷಾಂತರದ ಕೆಲಸಕ್ಕೆ ಬರಲಿ ಎಂದು ನಿನಗೆ ಆಸೆಯಿತ್ತು, ಗೊತ್ತು. ಅದು ನನ್ನಿಂದಾಗದಮ್ಮ. ಮನಸ್ಸಿಗೆ ಒಗ್ಗದ ಮಾತನ್ನು ಅಷ್ಟು ಸಮಚಿತ್ತದಿಂದ ಹೇಳಲು ಎಷ್ಟು ಬಲ ಬೇಕೆಂದು ಈಗ ಗೊತ್ತಾಗಿದೆ. ನನಗೆ ಅದಿಲ್ಲ.

ನಿನ್ನಲ್ಲಿ ಒಂದನ್ನೇ ಕೇಳುತ್ತೇನೆ. ನಾನು ಮಾತಾಡುವ ದಿನ ಗೂಡಿನಲ್ಲಿ ಬೇರೆ ಯಾರಾದರೂ ಕೂರಲಿ. ನೀನು ರಜೆ ಹಾಕು. ಕೆಳಗೆ ಬಂದು ನನ್ನ ಪಕ್ಕ ಇಮ್ಜಾರಿನವಳಾಗಿ ಕೂರು. ಅವತ್ತು ನಿನಗೆ ಅಭಿಪ್ರಾಯ ಇರಬಹುದು.

ಸಿಟ್ಟು ಇನ್ನೂ ಪೂರ್ತಿ ಇಳಿಯದ, ಆದರೂ ನಿನ್ನವಳೇ ಆದ
ಲುಚಿಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಉಳಿಸಿಕೊಂಡಿದ್ದೆ. ನಾನು ಮಾತಾಡುವಾಗ ಕ್ಲೇಟನ್ ಕುತೂಹಲಕ್ಕೆಂದು ಇಂಗ್ಲಿಷ್ ಹಾಕಿಕೊಂಡು ನಿನ್ನನ್ನು ಕೇಳುತ್ತಿದ್ದನಂತೆ. ಬಸ್ಸಿನಲ್ಲಿ ಹೇಳಿದ: "ಆ ಭಾಷಾಂತರದಮ್ಮ ಒಂದು ಕಡೆ ತಪ್ಪು ಮಾಡಿದ್ರು ಕಣೇ. ನೀನು 'ನನ್ನ ಅಪ್ಪ ಸಲ್ವು' ಅಂದೆ, ಅವರು 'ನನ್ನ ಗಂಡ ಸಲ್ವು' ಅಂದ್ರು. ಸರಿಪಡಿಸ್ಕೊಳ್ಳಲೂ ಇಲ್ಲ. ಈಗ ಇಡೀ ಯುರೋಪು ನಿನಗೆ ಮದುವೆ ಆಗಿದೆ ಅಂದ್ಕೊಂಡಿದೆ!" ಇವತ್ತು ಬೆಳಿಗ್ಗೆ ಇದನ್ನು ಅಪ್ಪನಿಗೆ ಹೇಳಿದೆ. ದೋಣಿಗೆ ನೀಲಿ ಬಣ್ಣ ಬಳಿಯುತ್ತಿದ್ದವನು ಕುಂಚ ಹಿಡಿದೇ ನಿಂತ. "ಸರಿಪಡಿಸ್ಕೊಳ್ಳಲಿಲ್ವಾ?" ಎಂದು ಕೇಳಿದ. ಇಲ್ಲ ಎಂದೆ. ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದುತ್ತಾ, "ಕೆಲಸದಲ್ಲಿ ಅವಳು ಯಾವತ್ತೂ ತಪ್ಪು ಮಾಡೋಳಲ್ಲ" ಅಂದ.