ಗೂಡಿನ ಗುರುತು

ಮಾರ್ಚ್ 4, ಬೆಳಿಗ್ಗೆ

ರಸ್ತೆ ಬದಿಯ ಪೊದೆಗಳ ಸಾಲು ನೋಡಿ ಮುಗಿಸಿ ಬಂದೆ. ಮತ್ತೆ ಮೂರು ಪಿಕಳಾರದ ಗೂಡು ಖಾಲಿ. ಮೊನ್ನೆ ನನ್ನನ್ನೇ ತಾಯಿ ಅಂದುಕೊಂಡು ಬಾಯಿ ತೆರೆದಿದ್ದ ಮರಿಗಳು. ಇವತ್ತು ಒಂದು ಪುಕ್ಕವೂ ಇಲ್ಲ. ಲೈಬ್ರರಿ ಹಿಂದಿನ ಸದ್ದಿಲ್ಲದ ತೋಪಿನಲ್ಲಿ ಮಾತ್ರ ಎಲ್ಲರೂ ಕ್ಷೇಮ.

ಹೇಳಿದರೆ ಗೈಡ್ ಸರ್ ಕೈ ಉಜ್ಜಿಕೊಂಡರು.

"ನಾನು ಹೇಳ್ಲಿಲ್ವಾ? ವಾಹನದ ಗದ್ದಲದಲ್ಲಿ ತಾಯಿಗೆ ಅಪಾಯದ ಸದ್ದೇ ಕೇಳಲ್ಲ. ಈ ಸೀಸನ್ನೂ ಹೀಗೇ ಬಂದ್ರೆ ನಿನ್ನ ಥೀಸಿಸ್ ಗಟ್ಟಿ."

ಮರಿ ಸತ್ತರೆ ಇಷ್ಟು ಖುಷಿಪಡುವ ಪಕ್ಷಿಪ್ರೇಮಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಮಾರ್ಚ್ 9

ಹೊಸ ಗೂಡುಗಳು ಸಿಕ್ಕವು. ಪ್ರತಿ ಗೂಡಿನ ಕೆಳಗಿನ ಕೊಂಬೆಗೆ ಕೆಂಪು ರಿಬ್ಬನ್ ಕಟ್ಟಿ ಬಂದೆ. ಕಟ್ಟದಿದ್ದರೆ ಮಾರನೇ ದಿನ ಸಿಗುವುದಿಲ್ಲ... ರಸ್ತೆ ಬದಿಯ ಪೊದೆಗಳೆಲ್ಲ ಅವಳಿ ಜವಳಿ. ತೋಪಿನಲ್ಲಿ ಈ ರಿಬ್ಬನ್ ರಗಳೆ ಇಲ್ಲ. ಅಲ್ಲಿ ಒಂದೊಂದು ಪೊದೆಯೂ ನೆಂಟರ ಮನೆ ಇದ್ದ ಹಾಗೆ, ಕಣ್ಣು ಮುಚ್ಚಿ ಹೋಗಿಬರಬಹುದು.

ಅಕ್ಕ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತ ಶುರು ಮಾಡಿದಳು. "ನಿನ್ನ ಜೊತೆ ಓದಿದವರ ಮಕ್ಕಳು ಸ್ಕೂಲಿಗೆ ಹೋಗ್ತಿದಾರೆ. ನೀನಿನ್ನೂ ಹಕ್ಕಿಗಳ ಬಾಣಂತನ ಮಾಡ್ಕೊಂಡು ಕೂತಿದೀಯ."

"ಈ ವರ್ಷ ಮುಗಿಯುತ್ತೆ ಕಣೇ."

ಮುಗಿಯಲೇಬೇಕು. ಇಲ್ಲದಿದ್ದರೆ ಯೂನಿವರ್ಸಿಟಿ ಹೆಸರು ಹೊಡೆದುಹಾಕುತ್ತದೆ. ಕೊನೆಯ ನೋಟಿಸೂ ಬಂದಾಯಿತು.

ಮಾರ್ಚ್ 22

ಮಧ್ಯಾಹ್ನ ಒಂದು ತಮಾಷೆ. ಮಿಕ್ಕ ರಿಬ್ಬನ್ನನ್ನು ಚೀಲದ ಹಿಡಿಗೆ ಸುತ್ತಿ, ಬೆಂಚಿನ ಮೇಲಿಟ್ಟು ಕೈ ತೊಳೆಯಲು ಹೋಗಿದ್ದೆ. ಬಂದು ನೋಡಿದರೆ ಚೀಲದ ಮೇಲೆ ಕಾಗೆ. ರಿಬ್ಬನ್ನಿನ ಮೇಲ್ಗಡೆ ಕೊಕ್ಕು ಹಾಕಿ ಹುಡುಕುತ್ತಿದೆ.

ನಮ್ಮ ಲ್ಯಾಬಿನ ಗೂಬೆ (ಜೀರುಂಡೆಗಳ ಮೇಲೆ ಪಿಎಚ್‌ಡಿ ಮಾಡುತ್ತಾಳೆ, ಕನ್ನಡಕ ದಪ್ಪ, ಅದಕ್ಕೇ ಆ ಹೆಸರು) ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿನ್ನ ಅಡುಗೆ ನಾವೇ ಮುಟ್ಟಲ್ಲ. ಪಾಪ, ಅದಕ್ಕೇನು ಗೊತ್ತು!"

ನಾನೂ ನಕ್ಕೆ. ಆಮೇಲೆ ನೆನಪಾಯಿತು. ಚೀಲದಲ್ಲಿ ಊಟವೇ ಇರಲಿಲ್ಲ.

ಮಾರ್ಚ್ 23

ಗೂಡೇ ಇಲ್ಲದ ಪೊದೆಗಳಿಗೆ ರಿಬ್ಬನ್ ಕಟ್ಟಿದೆ. ರಸ್ತೆ ದಾಟಿ ಬಸ್ ಸ್ಟಾಪಿನಲ್ಲಿ ಕೂತೆ.

ಕಾಗೆ ಬಂತು. ಅಂಚೆಯವನು ಮನೆ ಮನೆ ಹತ್ತಿ ಇಳಿಯುವ ಹಾಗೆ, ರಿಬ್ಬನ್‌ನಿಂದ ರಿಬ್ಬನ್‌ಗೆ. ಪ್ರತಿ ಸಲವೂ ಗಂಟಿನ ಮೇಲ್ಗಡೆ ತಲೆ ತೂರಿಸಿತು. ರಿಬ್ಬನ್ ಇಲ್ಲದ ಪೊದೆಯ ಕಡೆ ತಿರುಗಿಯೂ ನೋಡಲಿಲ್ಲ.

ಗದ್ದಲವಲ್ಲ. ಏನೂ ಅಲ್ಲ. ಇಷ್ಟು ವರ್ಷ ನಾನು ಕಾಗೆಗೆ ಮನೆ ವಿಳಾಸ ಬರೆದುಕೊಡುತ್ತಿದ್ದೆ.

ಮಾರ್ಚ್ 24

ಎಲ್ಲ ರಿಬ್ಬನ್ ಕಿತ್ತುಹಾಕಿ, ಗೈಡ್ ಸರ್ ಮುಂದೆ ಹೋಗಿ ನಿಂತೆ. ಪೂರ್ತಿ ಕೇಳಿಸಿಕೊಂಡರು. ಕೇಳಿದ ಮೊದಲ ಪ್ರಶ್ನೆ:

"ಎಷ್ಟು ಜನಕ್ಕೆ ಹೇಳಿದೀಯ?"

"ಯಾರಿಗೂ ಇಲ್ಲ ಸರ್."

"ಬಾಗಿಲು ಹಾಕು."

ಹಾಕಿದೆ. "ಸರ್, ಕೊಂದಿದ್ದು ಗದ್ದಲ ಅಲ್ಲ, ನಾವು."

"ಕಾಗೆ ಅನ್ನು. ಕಾಗೆ ಮರಿ ತಿನ್ನೋದು ಪ್ರಕೃತಿ ಧರ್ಮ."

"ರಿಬ್ಬನ್ ಕಟ್ಟಿದ್ದು ಪ್ರಕೃತಿ ಅಲ್ವಲ್ಲ ಸರ್."

"ಥೀಸಿಸ್‌ನಲ್ಲಿ 'ಗೂಡುಗಳನ್ನು ಗುರುತಿಸಲಾಯಿತು' ಅಂತ ಬರೆದಿದೀಯಲ್ಲ, ಸುಳ್ಳಾ ಅದು? ಗುರುತಿಸಿಲ್ವಾ?" ಕನ್ನಡಕ ತೆಗೆದು ಒರೆಸಿಕೊಂಡರು. "ಮೊದಲಿಂದ ಮಾಡ್ತೀನಿ ಅಂದ್ರೆ ಮಾಡಮ್ಮ, ಸಂತೋಷ. ಬೇರೆ ಗೈಡ್ ಹುಡುಕ್ಕೋ. ನಾನು ರಿಟೈರ್ ಆಗೋನು."

ಗುರುತಿಸಲಾಯಿತು. ಎಂಥ ಸಭ್ಯ ಮಾತು. ಕೈಗೆ ಒಂದು ಕಲೆಯೂ ಅಂಟುವುದಿಲ್ಲ.

ಏಪ್ರಿಲ್ 30

ಇಷ್ಟು ದಿನ ಡೈರಿ ಬರೆಯಲು ಮನಸ್ಸಾಗಿರಲಿಲ್ಲ. ಥೀಸಿಸ್ ಕೊಟ್ಟಾಯಿತು. ಒಂದು ಸಾಲೂ ಬದಲಾಗಿಲ್ಲ.

ತಡೆಯಲಾರದೆ ಅಕ್ಕನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ವಾಸಿಯಿತ್ತು. ಬಟ್ಟೆ ಮಡಿಸುತ್ತಲೇ ಅಂದಳು, "ನಮ್ಮ ವಾರ್ಡಲ್ಲಿ ತಪ್ಪು ಇಂಜೆಕ್ಷನ್ ಆದ್ರೆ ಬಾಯಿ ಬಿಡಲೇಬೇಕು ಕಣೇ. ನೆಂಟರು ಬಂದು ಕತ್ತಿನ ಪಟ್ಟಿ ಹಿಡೀತಾರೆ. ನಿನ್ನ ಹಕ್ಕಿಗೆ ನೆಂಟರಿಲ್ಲ, ಅಷ್ಟೇ."

ಆಗಸ್ಟ್ 12

ವೈವಾ. ಹೊರಗಿನಿಂದ ಬಂದ ಪರೀಕ್ಷಕಿ ವಯಸ್ಸಾದವರು, ಮೆತ್ತಗಿನ ದನಿ. ಎಲ್ಲ ಮುಗಿದ ಮೇಲೆ ಕೇಳಿದರು, "ಇದರಲ್ಲಿ ನಿಮಗೇ ಅನುಮಾನ ಇರೋ ಜಾಗ ಯಾವುದಾದ್ರೂ ಇದೆಯಾ?"

ಗೈಡ್ ಸರ್ ನೀರು ಕುಡಿದರು.

"ಇಲ್ಲ ಮೇಡಂ," ಅಂದೆ.

ಅಷ್ಟೇ. ಇಂಥ ಮಾತಿಗೆ ನಾಲಿಗೆ ತಡವರಿಸುತ್ತದೆ ಅಂದುಕೊಂಡಿದ್ದೆ. ಬೆಣ್ಣೆಯ ಹಾಗೆ ಜಾರಿತು. ಚಪ್ಪಾಳೆ. "ಡಾಕ್ಟರಮ್ಮಾ, ಪಾರ್ಟಿ ಎಲ್ಲಿ?" ಎಂದು ಗೂಬೆ ತಬ್ಬಿಕೊಂಡಳು. ಹಿಂದಿನ ಸಾಲಿನಲ್ಲಿ ಅಕ್ಕನೂ ಕೈ ತಟ್ಟಿದಳು. ಮುಖದಲ್ಲಿ ಮಾತ್ರ ನಗು ಇರಲಿಲ್ಲ.

ಫೆಬ್ರವರಿ 18, ಬೆಳಿಗ್ಗೆ

ಇದೇ ಡಿಪಾರ್ಟ್‌ಮೆಂಟಿನಲ್ಲಿ ಕೆಲಸ ಸಿಕ್ಕಿ ತಿಂಗಳಾಯಿತು. ಪಾಠಕ್ಕೆ ಹೊರಟವಳು ರಸ್ತೆ ಬದಿಯ ಬೆಂಚಿನಲ್ಲಿ ಕೂತಿದ್ದೇನೆ. ಏಳಲಾಗುತ್ತಿಲ್ಲ.

ಗೇಟಿನಿಂದಲೇ ಕಾಗೆ ಹಿಂದೆ ಬಿದ್ದಿದೆ. ನಿಂತರೆ ನಿಲ್ಲುತ್ತದೆ. ಒಂದು ಪೊದೆಯ ಕಡೆ ಸುಮ್ಮನೆ ನೋಡಿದೆ, ಹಾರಿಹೋಗಿ ಒಳಗೆ ತಲೆ ತೂರಿಸಿತು. ಇನ್ನೊಂದನ್ನು ನೋಡಿದೆ, ಅದನ್ನೂ ಜಾಲಾಡಿತು. ರಿಬ್ಬನ್ ಬೇಕಾಗಿಲ್ಲ ಅದಕ್ಕೆ. ನಾನು ಸಾಕು.

ಬಲಗಡೆ ಪೊದೆಯಲ್ಲಿ ಮರಿಗಳಿವೆ. ಎದ್ದರೆ ಅದರ ಪಕ್ಕದಲ್ಲೇ ಹೋಗಬೇಕು. ಸಣ್ಣ ಸದ್ದು. ತಾಯಿ ಈಗಷ್ಟೇ ಹಾರಿತು. ಲಾರಿ ಬಸ್ಸುಗಳ ಗದ್ದಲದಲ್ಲಿ ಕಾಗೆಗೆ ಕೇಳುತ್ತಿಲ್ಲ... ಆ ಗದ್ದಲವೇ ಅವುಗಳನ್ನು ಕಾಯುತ್ತಿದೆ.

ಕಣ್ಣು ಹಾಳೆಯ ಮೇಲೇ ಇರಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಏನಾದರೂ ಸರಿ, ಬರೆಯುತ್ತಿರಬೇಕು. ಕಾಗೆ ಬೆಂಚಿನ ಆ ತುದಿಗೆ ಬಂದು ಕೂತಿತು. ಪೊದೆ ನೋಡುತ್ತಿಲ್ಲ, ನನ್ನ ಮುಖ ನೋಡುತ್ತಿದೆ. ತಾಯಿ ಇನ್ನೂ ಬಂದಿಲ್ಲ. ಮರಿಗಳು ಮತ್ತೆ ಕೂಗಿದವು. ತಿರುಗಬಾರದು. ತಿರುಗಬಾ