ಆಯಿಯ ಕಷಾಯ, ದಾಮುವಿನ ಬಿಯರ್

ಚಿಗಳ್ಳಿಯ ನನ್ನ ಆಯಿಗೆ,

ಇವತ್ತು ಬೆಳಿಗ್ಗೆ ಇರುವೆಗಳ ಸಾಲೊಂದು ನನ್ನ ಕೋಣೆಯ ಕಿಟಕಿಯಲ್ಲಿಟ್ಟ ಗ್ಲಾಸಿನ ತನಕ ಬಂತು. ಒಂದು ಕ್ಷಣ ನಿಂತಿತು. ಆಮೇಲೆ ದೊಡ್ಡ ಸುತ್ತು ಹಾಕಿಕೊಂಡು ಬೆಲ್ಲದ ಡಬ್ಬಿಯ ಕಡೆ ಹೋಯಿತು. ನಿನ್ನ ಕಿರಾತಕಡ್ಡಿ ಕಷಾಯದ ಬಟ್ಟಲಿಗೂ ಇರುವೆಗಳು ಇದೇ ಮರ್ಯಾದೆ ಕೊಡುತ್ತಿದ್ದವು, ನೆನಪಿದೆಯಾ? ಗ್ಲಾಸಿನ ತಳದಲ್ಲಿ ಒಂದು ಗುಟುಕು ಉಳಿದಿತ್ತು. ಏನು ಅಂತ ಕೇಳಬೇಡ. ಬೇಡವೆಂದರೂ ಕೇಳುವವಳು ನೀನು, ಹಾಗಾಗಿ ಹೇಳುತ್ತೇನೆ. ಮೊದಲು ಸ್ವಲ್ಪ ಕುಳಿತುಕೋ.

ಅಮಾವಾಸ್ಯೆಯ ಮರುದಿನ ನೀನು ಮೊಮ್ಮಕ್ಕಳನ್ನೆಲ್ಲ ಹಿತ್ತಲ ಕಟ್ಟೆಯ ಮೇಲೆ ಸಾಲಾಗಿ ಕೂರಿಸುತ್ತಿದ್ದೆ. ಮೂಗು ಹಿಡಿ, ಒಂದೇ ಉಸಿರಿಗೆ ಕುಡಿ, ಬಾಯಿ ತೆಗಿ, ಬೆಲ್ಲ. ಆಮೇಲೆ ನಿನ್ನ ಪ್ರಶ್ನೆ: "ಹೆಂಗಿತ್ತು?" ತಮ್ಮ "ಥೂ, ಕೆಟ್ಟ ಕಹಿ" ಎಂದು ಆಡಲು ಓಡುತ್ತಿದ್ದ. ನಾನು ಮಾತ್ರ, ನಿನಗೆ ಬೇಸರವಾದೀತೆಂದು, "ಚಲೋ ಇತ್ತಾಯಿ" ಅನ್ನುತ್ತಿದ್ದೆ.

"ಚಲೋ ಇತ್ತೇನವಾ? ಹಂಗಾರ ಇನ್ನೊಂದ ಬಟ್ಟಲಾ ಕುಡಿ!"

ಆ ಎರಡನೆಯ ಬಟ್ಟಲಿಗೆ ಬೆಲ್ಲವೂ ಸಿಗುತ್ತಿರಲಿಲ್ಲ. ಸುಳ್ಳಿಗೆ ಎಂಥ ಬೆಲ್ಲ ಅಂತ ನೀನು ಅನ್ನುತ್ತಿದ್ದೆ. ಅಷ್ಟೊಂದು ಕುಡಿದರೂ ನನಗೆ ಬುದ್ಧಿ ಬಂತೇ?

ನೀನು ಕಣ್ಣು ಮುಚ್ಚಿದ ಮೇಲೆ ನಾನು ಬಿ.ಎ. ಮುಗಿಸಿ ದಾಂಡೇಲಿಯ ಒಂದು ರೆಸಾರ್ಟಿಗೆ ಸೇರಿದೆ. ನದಿಯಲ್ಲಿ ರಾಫ್ಟಿಂಗಿಗೆ ಬರುವವರನ್ನು ಮಾತಾಡಿಸುವುದು, ಕೋಣೆ ತೋರಿಸುವುದು ನನ್ನ ಕೆಲಸ. ಯಾರ ಕಾಲಿಗೆ ಯಾವ ಚಪ್ಪಲಿ, ಯಾವ ಗಂಡ ಹೆಂಡತಿ ಜಗಳವಾಡಿಕೊಂಡು ಬಂದಿದ್ದಾರೆ, ಎಲ್ಲ ನನಗೆ ಕಾಣುತ್ತದೆ. ಆದರೆ "ನಮಸ್ಕಾರ" ಎನ್ನುವಷ್ಟರಲ್ಲಿ ಅವರು ಮೆಟ್ಟಿಲು ಹತ್ತಿ ಹೋಗಿರುತ್ತಾರೆ. ಹೋದ ಸೋಮವಾರ ಮಾಲೀಕರಾದ ಶೇಖರಣ್ಣ ಎದುರು ಬಂದು ನಿಂತರು. "ತಂಗಿ, ಬಾಯಾಗ ಏನರ ಇಟಗೊಂಡಿಯೇನು? ಈ ವಾರ ನೋಡತೇನಿ. ನಾಕ ಮಾತ ಹೊರಗ ಬಿದ್ದರ ಕೌಂಟರ ನಿಂದು. ಇಲ್ಲಂದರ ಚಿಗಳ್ಳಿ ಬಸ್ಸ ನಿಂದು."

ನಿನ್ನೆ ಮಧ್ಯಾಹ್ನ ಜೋಯಿಡಾದ ದಾಮು ಬಂದ. ಗೋವಾದಲ್ಲಿ ಬಿಯರ್ ಮಾಡುವುದನ್ನು ಕಲಿತು, ಈಗ ಅಲ್ಲೇ ಸಣ್ಣದಾಗಿ ತನ್ನದೇ ಬಿಯರ್ ಶುರು ಮಾಡಿದ್ದಾನೆ. 'ಇಂಡಿಯಾ ಪೇಲ್ ಏಲ್' ಎಂಬ ಜಾತಿಯ ಬಿಯರನ್ನು ಎರಡು ಬಗೆಯಲ್ಲಿ ಕುದಿಸಿ ಎರಡು ಜಗ್ಗಿನಲ್ಲಿ ತಂದಿದ್ದ. ಒಂದನ್ನು ರೆಸಾರ್ಟಿಗೆ ಆರಿಸಬೇಕಿತ್ತು. ತೀರ್ಪುಗಾರರು ಶೇಖರಣ್ಣ, ಅಡಿಗೆ ಮಾಡುವ, ಸಾಂಬ್ರಾಣಿ ಊರಿನ ಫಿಲೋಮಿನಾ ಅಕ್ಕ ಮತ್ತು... ಹೌದು ಆಯಿ, ನಾನು. "ನೀ ಸಾಹಿತ್ಯ ಓದಿದಾಕಿ. ಒಂದ ಗುಟುಕ ಕುಡದು ಮೆನುವಿಗೆ ನಾಕ ಛಂದ ಮಾತ ಬರಿ" ಎಂದರು ಶೇಖರಣ್ಣ. ಇಲ್ಲ ಎನ್ನುವುದಕ್ಕೂ ಬಾಯಿ ಬೇಕಲ್ಲ?

ಮೊದಲ ಜಗ್ಗಿನ ಗ್ಲಾಸು ಕೈಗೆ ಬಂದಾಗ ಮೇಲೆ ಬಿಳಿ ನೊರೆ, ಕೆಳಗೆ ಜೇನಿನ ಬಣ್ಣ. ಶೇಖರಣ್ಣ ಒಂದು ಗುಟುಕು ಕುಡಿದು "ಕಹಿ ಭಾರೀ ಐತಿ" ಎಂದು ತಲೆದೂಗಿದರು. ಕಹಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ತಾನಾಗಿಯೇ ಮೇಲೆದ್ದು ಮೂಗು ಹಿಡಿಯಿತು. ಒಂದೇ ಉಸಿರಿಗೆ ಗ್ಲಾಸು ಖಾಲಿ.

"ಅಯ್ಯೋ, ಮೂಗ ಬಿಡ್ರಿ! ವಾಸನಿಗೇ ಅರ್ಧಾ ಮಾರ್ಕ್ಸ್ ಐತ್ರಿ!" ದಾಮು ಅಳುವುದೊಂದು ಬಾಕಿ.

ಅಷ್ಟಕ್ಕೇ ಮುಗಿಯಲಿಲ್ಲ. ನಾನು ಕಣ್ಣು ಮುಚ್ಚಿ, ಬಾಯಿ ತೆರೆದು ಕಾಯುತ್ತಿದ್ದೆ. ಫಿಲೋಮಿನಾ ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಏನವಾ, ಜ್ವರಾ ಬಂದಾವೇನು? ಬೆಲ್ಲಾ ತರಲೇನು?"

"ಹೋಗ್ಲಿ ಬಿಡ್ರಿ, ಹೆಂಗಿತ್ತು?" ಅಂದ ದಾಮು. ಥೇಟ್ ನಿನ್ನದೇ ಪ್ರಶ್ನೆ. ನಾನೇನು ಅಂದಿರಬಹುದು ಹೇಳು? "ಚಲೋ ಇತ್ರೀ" ಅಂದೆ. ಅವನ ಮುಖ ಅರಳಿತು. ಗ್ಲಾಸನ್ನು ಮತ್ತೆ ಅಂಚಿನವರೆಗೆ ತುಂಬಿಬಿಟ್ಟ. ನೀನು ಅಲ್ಲೆಲ್ಲೋ ಬಾಗಿಲ ಹಿಂದೆ ನಿಂತು ನಗುತ್ತಿದ್ದೀಯಾ ಅಂತ ತಿರುಗಿ ನೋಡಿದೆ, ದೇವರಾಣೆ.

ಈ ಸಲ ಮೂಗು ಬಿಟ್ಟೆ. ಹೌದಲ್ಲ, ಎಂಥ ವಾಸನೆ! ಆಗ ತಾನೇ ಕಿತ್ತ ಮಾವಿನಕಾಯಿಯ ಸೊನೆ, ಕಿತ್ತಳೆ ಸಿಪ್ಪೆ ಹಿಂಡಿದ ಘಮ. ಆದರೆ ಗುಟುಕು ಇಳಿದ ಮೇಲೂ ಕಹಿ ಇಳಿಯಲಿಲ್ಲ. ಗಂಟಲಿನಲ್ಲಿ ಚಾಪೆ ಹಾಸಿ ಮಲಗಿಬಿಟ್ಟಿತು. ಎರಡನೆಯ ಜಗ್ಗಿನದನ್ನೂ ಕುಡಿದೆ. ಅದೂ ಕಹಿಯೇ, ಆದರೆ ಬಂತು, ಮಾತಾಡಿಸಿತು, ಹೋಯಿತು. ಮೇಲೆ ನೀರು ಕುಡಿದರೆ ನೀರು ಸಿಹಿ! ನಿನ್ನ ಕಷಾಯ ಹದವಾಗಿ ಕುದಿದ ದಿನ ಹೀಗೇ ಆಗುತ್ತಿತ್ತಲ್ಲ...

ಅಷ್ಟರಲ್ಲಿ ಶೇಖರಣ್ಣ ಎದ್ದರು. "ಹಂಗಾರ ಮೊದಲನೇದ ಫೈನಲ್. ಏನವಾ?" ಫಿಲೋಮಿನಾ ಅಕ್ಕ ಹೌದೆಂದು ತಲೆ ಅಲ್ಲಾಡಿಸಿದರು. ನನ್ನ ನಾಲಿಗೆಯ ತುದಿಗೂ "ಹೂಂನ್ರಿ" ಬಂದಿತ್ತು. ಕೌಂಟರು ಕಂಡಿತು, ಚಿಗಳ್ಳಿ ಬಸ್ಸೂ ಕಂಡಿತು. ಅವೆರಡರ ನಡುವೆ ನಿನ್ನ ಎರಡನೆಯ ಬಟ್ಟಲು ಕಂಡಿತು.

"ಇಲ್ಲರಿ" ಅಂದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ಮೊದಲನೇದರದು ವಾಸನಿ ಛಂದ ಐತ್ರಿ, ಆದರ ಕಹಿ ಗಂಟಲದಾಗ ಕುಂತಬಿಡತೈತಿ. ಬಂದವರು ಅರ್ಧಾ ಗ್ಲಾಸ ಬಿಟ್ಟ ಹೋಗತಾರ. ಎರಡನೇದು ಕುಡದು ನೀರ ಕುಡದ ನೋಡ್ರಿ."

ಮೂವರೂ ಕುಡಿದರು, ನೀರನ್ನೂ ಕುಡಿದರು. ಮೊದಲು ತಲೆ ಕೆರೆದುಕೊಂಡವನು ದಾಮು. ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂವಂತೆ. "ಮೊದಲನೇದರಾಗ ಹೂವು ಭಾಳ ಹೊತ್ತ ಕುದಿಸೇನ್ರಿ. ನನಗೂ ಸಂಶೇ ಇತ್ತು." ಫಿಲೋಮಿನಾ ಅಕ್ಕ, "ನನಗೂ ಹಂಗ ಅನಸಿತ್ತು. ಮಾಲಕರ ಮಾರಿ ನೋಡಿ ಸುಮ್ಮನಾದೆ" ಎಂದರು. ಶೇಖರಣ್ಣ ನನ್ನನ್ನೇ ನೋಡಿ, "ಸೋಮವಾರದಿಂದ ಕೌಂಟರಿಗೆ ಕೂಡು. ಆದರ ಗಿರಾಕಿಗೋಳ ಮುಂದ ಇಷ್ಟ ಖರೆ ಹೇಳಬ್ಯಾಡ" ಎಂದರು.

ಹೊರಡುವಾಗ ದಾಮು ಎರಡನೆಯದರಲ್ಲಿ ಉಳಿದದ್ದನ್ನು ಕೋಣೆಗೆ ಒಯ್ಯಲೆಂದು ನನ್ನ ಗ್ಲಾಸಿಗೆ ಸುರಿದು ಕೇಳಿದ, ಇದೆಲ್ಲ ಎಲ್ಲಿ ಕಲಿತಿರಿ ಅಂತ. ನಿನ್ನ ಕಥೆ ಹೇಳಿದೆ. "ಹಂಗಾರ ಬಿಯರಿಗೆ 'ಆಯಿ' ಅಂತನ ಹೆಸರಿಡೂಣು!" ಅಂದ. ನಾನು ಬೆಚ್ಚಿಬಿದ್ದೆ. "ಬ್ಯಾಡೋ ತಮ್ಮಾ," ಎಂದು ಫಿಲೋಮಿನಾ ಅಕ್ಕನೇ ನಿನ್ನ ಮಾನ ಉಳಿಸಿದರು, "ಕುಡದವರು 'ಇನ್ನೊಂದ ಆಯಿ ತಗೊಂಬಾ' ಅಂತ ಒದರತಾರ."

ನೀನು ಹೋದ ಮೇಲೆ ಮನೆಯಲ್ಲಿ ಯಾರೂ ಕಷಾಯ ಕುದಿಸಿಲ್ಲ ಆಯಿ. ನಿನ್ನ ಪಾತ್ರೆಯಲ್ಲಿ ಅವ್ವ ಉಳ್ಳಾಗಡ್ಡಿ ಇಟ್ಟಿದ್ದಾಳೆ. ನಿನ್ನೆ ಸಂಜೆ ಅವಳು ಫೋನಿನಲ್ಲಿ "ಇವತ್ತೇನ ಮಾಡಿದೀ?" ಎಂದಾಗ "ಏನಿಲ್ಲವ್ವಾ" ಎಂದುಬಿಟ್ಟೆ. ನಮ್ಮ ಮನೆಯಲ್ಲಿ ಲಿಂಗಪೂಜೆ ಮಾಡದೆ ಚಹಾ ಕೂಡ ಕುಡಿಯುವುದಿಲ್ಲ, ಇನ್ನು ಬಿಯರ್... ಆದರೆ ಇವತ್ತು ಇರುವೆಗಳು ಸುತ್ತು ಹಾಕಿಕೊಂಡು ಹೋಗುವುದನ್ನು ನೋಡುತ್ತ ನಾನೊಂದು ನಿರ್ಧಾರ ಮಾಡಿದೆ. ಭಾನುವಾರ ಚಿಗಳ್ಳಿಗೆ ಹೋಗುತ್ತೇನೆ. ಪಾತ್ರೆ ತೊಳೆದು ಕಷಾಯ ಕುದಿಸುತ್ತೇನೆ. ಅವ್ವನಿಗೆ ಒಂದು ಬಟ್ಟಲು ಕುಡಿಸಿ, ಬೆಲ್ಲದ ದೊಡ್ಡ ಹೆಂಟೆಯನ್ನೇ ಬಾಯಿಗಿಡುತ್ತೇನೆ. ಅದು ಕರಗುವಷ್ಟರಲ್ಲಿ ಎಲ್ಲ ಹೇಳಿ ಮುಗಿಸುತ್ತೇನೆ.

ಬಾಯಿ ಖಾಲಿಯಾದ ಮೇಲೆ ಅವಳು ಬೈಯುತ್ತಾಳೆ, ಬೈಯಲಿ. ಕೊನೆಗೆ "ಹೆಂಗಿತ್ತು?" ಅಂತಲೂ ಕೇಳಿಯೇ ಕೇಳುತ್ತಾಳೆ, ನಿನ್ನ ಮಗಳಲ್ಲವೇ? ಆಗ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ:

ಎರಡನೇದು ಚಲೋ ಇತ್ತವ್ವಾ.